ಇನ್ಸ್‌ಪೆಕ್ಟರ್ ಒಪ್ಪದ ಹಾಸಿಗೆ

ಮೆತ್ತಣ್ಣನಿಗೆ ಐವತ್ತಾರು ವರ್ಷದ ಬಾಳಿನಲ್ಲಿ ನಾಚಿಕೆಯಾದದ್ದು ಮೂರೇ ಸಲ. ಮೊದಲನೆಯದು ಎಂಟನೇ ವಯಸ್ಸಿನಲ್ಲಿ, ಇಡೀ ತರಗತಿಯ ಮುಂದೆ ಬಗ್ಗಿ ಸೀಮೆಸುಣ್ಣ ಎತ್ತಿಕೊಳ್ಳುವಾಗ ಚಡ್ಡಿಯ ಹೊಲಿಗೆ ಪರ್ರೆಂದು ಬಿಟ್ಟುಕೊಂಡಿತು. ಎರಡನೆಯದು ತನ್ನ ಮದುವೆಯ ದಿನ, ಹೆಂಡತಿಯ ಅಕ್ಕನನ್ನೇ ಹೆಂಡತಿ ಎಂದುಕೊಂಡು ಪಕ್ಕದಲ್ಲಿ ಹೋಗಿ ಕೂತು, "ಊಟ ಆಯ್ತಾ?" ಎಂದು ಮೆಲ್ಲಗೆ ಕೇಳಿದ್ದ. ಇವೆರಡನ್ನೂ ಅವನು ಉಪ್ಪು ಖಾರ ಹಚ್ಚಿ ಹೇಳಿ, ಕೇಳುವವರಿಗಿಂತ ಮೊದಲು ತಾನೇ ನಗುತ್ತಾನೆ. ಮೂರನೆಯದಕ್ಕೆ ಮಾತ್ರ ನಗುವುದಿಲ್ಲ. ಅದನ್ನು ಅರ್ಧಕ್ಕೇ ಬಿಟ್ಟು, ಮೂಗು ಒರೆಸಿಕೊಂಡು, ಹತ್ತಿಯಲ್ಲಿ ದೂಳು ಜಾಸ್ತಿ ಎಂದು ಗೊಣಗಿ ಕೆಲಸಕ್ಕೆ ಕೂರುತ್ತಾನೆ. ಆದ್ದರಿಂದ ಪೂರ್ತಿ ಕಥೆ ಬೇಕಾದವರಿಗೆ ಬೇರೆ ಯಾರಾದರೂ ಹೇಳಬೇಕು.

ಅವನ ಕಸುಬು ಹಾಸಿಗೆ ಹೊಲಿಯುವುದು. ಮೆತ್ತಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೆತ್ತನೆಯ ಹಾಸಿಗೆ ಮಾಡುವವನು ಎಂದು ಅದರ ಅರ್ಥ. ನಾಲಿಗೆ ಮೆತ್ತಗಿದೆ ಎಂದು ಯಾರೂ ತಪ್ಪು ತಿಳಿಯಬಾರದು. ಬೀದಿಗೆ ತೆರೆದುಕೊಂಡ ಒಂದು ಕೋಣೆ ಅಂಗಡಿ, ಅದರ ಹಿಂದಿನ ಎರಡು ಕೋಣೆ ಮನೆ, ಅದರ ಹಿಂದೆ ಬಟ್ಟೆ ಒಣಹಾಕುವಷ್ಟು ಹಿತ್ತಿಲು. ಅಂಗಡಿಯ ಮುಂದೆ ಒಂದು ದೊಡ್ಡ ಮರ. ಬೆಳಿಗ್ಗೆ ಹತ್ತರವರೆಗೆ ಎಳೆಬಿಸಿಲು ಜಗಲಿಯ ಮೇಲೆ ಹರಡಿದ ಹತ್ತಿಯನ್ನು ಬೆಚ್ಚಗೆ ಮಾಡುತ್ತಿತ್ತು. ಹತ್ತಾದ ಮೇಲೆ, ಬಿಸಿಲು ಉಗ್ರವಾಗುವ ಹೊತ್ತಿಗೆ, ಮರವೇ ಕೊಡೆ ಹಿಡಿಯುತ್ತಿತ್ತು. ಹನ್ನೊಂದಕ್ಕೆ ಹೆಂಡತಿ ಕೇಳದೆಯೇ ಚಹಾ ತಂದಿಡುತ್ತಿದ್ದಳು. ಇಷ್ಟೆಲ್ಲ ವ್ಯವಸ್ಥೆ ತನ್ನ ಯೋಗ್ಯತೆಗೆ ತಕ್ಕಂತೆಯೇ ಆಗಿದೆ, ಸೂರ್ಯನೂ ತನ್ನ ಅಂಗಡಿಯ ವೇಳೆ ನೋಡಿಕೊಂಡೇ ಹುಟ್ಟುತ್ತಾನೆ ಎಂಬುದರಲ್ಲಿ ಮೆತ್ತಣ್ಣನಿಗೆ ಯಾವ ಸಂಶಯವೂ ಇರಲಿಲ್ಲ. ಚಹಾ ಎರಡು ನಿಮಿಷ ತಡವಾದರೆ ಮಾತ್ರ ಅವನಿಗೆ ಚಹಾದ ನೆನಪಾಗುತ್ತಿತ್ತು.

ಲೋಕದ ಮೇಲೆ ಅವನಿಗೆ ಇದ್ದದ್ದು ಒಂದೇ ದೂರು. ಅದನ್ನು ದಿನಕ್ಕೊಮ್ಮೆ ಎದುರು ಅಂಗಡಿಯ ಕ್ಷೌರಿಕನಿಗೆ ಹೇಳದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ.

"ನೋಡಯ್ಯಾ, ಅಡುಗೆ ಮಾಡಿದವಳನ್ನ ಹೊಗಳ್ತಾರೆ. ಡಾಕ್ಟರಿಗೆ ಕೈ ಮುಗೀತಾರೆ. ಹಾಸಿಗೆಗೆ? ಅರ್ಧ ಆಯುಷ್ಯ ಅದರ ಮೇಲೆ ಬಿದ್ಕೊಂಡಿರ್ತಾರೆ. ಬೆಳಿಗ್ಗೆ ಎದ್ದು ಹಿಂದೆ ತಿರುಗಿ ಒಂದು ಥ್ಯಾಂಕ್ಸ್ ಹೇಳಿದೋನನ್ನ ತೋರಿಸು!"

"ನಾನು ಕತ್ತರಿಸಿ ಗುಡಿಸಿ ಹಾಕಿದ ಕೂದಲಿಗೂ ಯಾರೂ ಥ್ಯಾಂಕ್ಸ್ ಹೇಳಿಲ್ಲ, ಸುಮ್ನಿರಣ್ಣ," ಎನ್ನುತ್ತಿದ್ದ ಕ್ಷೌರಿಕ, ಯಾರದೋ ಗಲ್ಲಕ್ಕೆ ನೊರೆ ಮೆತ್ತುತ್ತ.

ಆದರೆ ಮೆತ್ತಣ್ಣನ ಹಾಸಿಗೆಗೆ ಹೆಸರಿತ್ತು, ಸುಳ್ಳಲ್ಲ. ಅವನು ಹೊಲಿದ ಹಾಸಿಗೆಯಲ್ಲಿ ಗಂಟು ಇರುವುದಿಲ್ಲ ಎಂಬುದು ನಾಲ್ಕು ಬೀದಿಗೆ ಗೊತ್ತಿದ್ದ ಮಾತು. ಗುಟ್ಟೇನು ಎಂದು ಕೇಳಿದರೆ ಅವನು ಬಲಗೈ ಮುಂದೆ ಚಾಚಿ, ಅಂಗೈಯನ್ನು ನಿಧಾನವಾಗಿ ಮೇಲಕ್ಕೆ ತಿರುಗಿಸಿ, ರಾಜರು ಉಂಗುರ ತೋರಿಸುವ ಗತ್ತಿನಲ್ಲಿ ಹೇಳುತ್ತಿದ್ದ: "ಇಲ್ಲಿದೆ. ಈ ಅಂಗೈಗೆ ಕಣ್ಣಿದೆ. ಒಂದು ಹತ್ತಿಬೀಜ ಒಳಗೆ ಅಡಗಿ ಕೂತರೂ ಇದು ಕಿವಿ ಹಿಡಿದು ಹೊರಗೆ ಎಳೆಯುತ್ತೆ."

ಅಂಗೈಗೆ ಕಣ್ಣೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಲವತ್ತು ವರ್ಷ ಕೋಲು ಹಿಡಿದು ಹತ್ತಿ ಬಡಿದ ಆ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಂತೆ ದಡ್ಡುಗಟ್ಟಿತ್ತು. ಬಿಸಿ ಲೋಟವನ್ನು ಹಿಡಿದು ಸುಡುವುದು ಗೊತ್ತಾಗದೆ ನಾಲಿಗೆ ಸುಟ್ಟುಕೊಳ್ಳುವಷ್ಟು. ಗಂಟು ಹುಡುಕುತ್ತಿದ್ದವಳು ಬೇರೆ. ಅವಳಿಗೆ ನಾಲ್ಕು ಕಾಲು, ಒಂದೂವರೆ ಕಿವಿ, ಮಾಸಿದ ಕಂದು ಬಣ್ಣ. ಅಂಗಡಿಯ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತಿದ್ದುದರಿಂದ ಬೀದಿಯವರು ಅವಳನ್ನು ಇನ್ಸ್‌ಪೆಕ್ಟರ್ ಎನ್ನುತ್ತಿದ್ದರು. ಒಳಗೆ ನಿಜವಾಗಿಯೂ ಇನ್ಸ್‌ಪೆಕ್ಷನ್ ನಡೆಯುತ್ತದೆ ಎಂದು ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೇ.

ಒಂಬತ್ತು ವರ್ಷದ ಹಿಂದೆ ಒಂದು ಮಳೆಯಲ್ಲಿ ಅವಳು ಒಳಗೆ ನುಗ್ಗಿ, ಆಗ ತಾನೇ ಹೊಲಿದು ಮುಗಿಸಿದ್ದ ಹಾಸಿಗೆಯೇರಿದ್ದಳು. ಮೂರು ಸುತ್ತು ಸುತ್ತಿ ಮಲಗಿದವಳು ಎದ್ದು, ಒಂದೇ ಜಾಗವನ್ನು ಕೆರೆದು, ಮುಖ ಸಿಂಡರಿಸಿ, ಬೇರೆ ಕಡೆ ಹೋಗಿ ಮಲಗಿದಳು. ಓಡಿಸಲು ಬಂದ ಮೆತ್ತಣ್ಣ ಆ ಜಾಗ ಬಿಚ್ಚಿ ನೋಡಿದರೆ ನಿಂಬೆಹಣ್ಣಿನಷ್ಟು ಗಂಟು! ಅಂದಿನಿಂದ ಅದೇ ಪದ್ಧತಿ. ಹಾಸಿಗೆ ಹೊಲಿದಾದ ಮೇಲೆ ಹೆಂಡತಿ ಅದರ ಮೇಲೆ ಒಗೆದ ಹಳೇ ದುಪ್ಪಟಿ ಹಾಸುವಳು, ಇನ್ಸ್‌ಪೆಕ್ಟರಿನ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸುವಳು. ಅವಳು ಮೇಲೇರಿ ತಲೆಯ ಕಡೆಯಿಂದ ಕಾಲಿನ ಕಡೆಗೆ ಹೆಜ್ಜೆ ಹೆಜ್ಜೆಗೂ ತೂಗಿಕೊಂಡು ನಡೆಯುವಳು. ಎಲ್ಲಿಯೂ ಕೆರೆಯದೆ ನಡುವೆ ಮುದುಡಿ ಕಣ್ಣು ಮುಚ್ಚಿದಳೋ, ಹಾಸಿಗೆ ಪಾಸು. ಆಮೇಲೆ ಗಿರಾಕಿ ಬಂದಾಗ ಮೆತ್ತಣ್ಣನ ಅಂಗೈ ಅದೇ ಹಾಸಿಗೆಯ ಮೇಲೆ ಮೆರವಣಿಗೆ ಹೊರಡುವುದು.

"ಒಂದು ದಿನಾನಾದ್ರೂ ಅವಳ ಹೆಸರು ಹೇಳ್ರಿ," ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು.

"ಹೇಳಿದ್ರೆ ನಾಯಿ ಮಲಗಿದ ಹಾಸಿಗೇನ ಯಾರು ತಗೋತಾರೆ? ಅವಳಿಗೆ ಅನ್ನ ಹಾಕ್ತಿಲ್ವಾ?"

"ನನಗೂ ಹಾಕ್ತಿದ್ದೀರಿ. ನನ್ನ ಹೆಸರೂ ಎಲ್ಲೂ ಹೇಳಿಲ್ಲ ಬಿಡಿ."

ಇಂಥ ಮಾತು ಬಂದಾಗ ಮೆತ್ತಣ್ಣನಿಗೆ ತಕ್ಷಣ ಯಾವುದೋ ಅವಸರದ ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ದೊಡ್ಡ ಟೀಚರ್ ಮನೆಯಿಂದ ಕೆಲಸ ಬಂತು. ದೊಡ್ಡ ಟೀಚರ್ ಎಂದರೆ ಆ ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿ, ಇನ್ನರ್ಧ ಜನಕ್ಕೆ ಕಿವಿ ಹಿಂಡಿದ ಹೆಡ್‌ಮಿಸ್ಟ್ರೆಸ್ಸು. ಎಂಬತ್ತೊಂದರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಅವರ ಮಗಳು, ಔಷಧಿ ಅಂಗಡಿ ನಡೆಸುವಾಕೆ, ಸ್ವತಃ ಬಂದು ಹೇಳಿದಳು: "ಎರಡು ತಿಂಗಳು ಅಮ್ಮ ಮಲಗಿದ ಕಡೆಯೇ ಇರಬೇಕು. ತಾವಾಗಿ ಮಗ್ಗುಲು ಬದಲಾಯಿಸೋಕೂ ಆಗಲ್ಲ. ಒಂದು ಗಂಟು, ಒಂದು ಉಬ್ಬು ಇರಬಾರದು ಅಂತ ಡಾಕ್ಟರು ಹೇಳಿದ್ದಾರೆ. ಅಮ್ಮ ನಿಮ್ಮ ಹೆಸರೇ ಹೇಳಿದ್ರು."

ಅಮ್ಮ ನಿಮ್ಮ ಹೆಸರೇ ಹೇಳಿದ್ರು! ಮೆತ್ತಣ್ಣನ ಎದೆ ಆಗ ಹಿಂಜಿದ ಹತ್ತಿಯಂತೆ ಉಬ್ಬಿ ಅಂಗಡಿಯ ತುಂಬ ಹರಡಿಕೊಂಡಿತು. ಮೂರು ದಿನ ಅವನು ಆ ಹಾಸಿಗೆಯನ್ನು ಹೊಲಿಯಲಿಲ್ಲ, ದಂಡಯಾತ್ರೆ ನಡೆಸಿದ. ಹತ್ತಿಯನ್ನು ಎರಡು ಸಲ ಹಿಂಜಿದ, ಗವಸಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಡಿದು ಆರಿಸಿದ.

ಈ ಕಸುಬಿನಲ್ಲಿ ಒಂದು ನಿಯಮವಿದೆ. ಅವನ ಅಪ್ಪ ತಲೆಗೆ ಮೊಟಕಿ ಕಲಿಸಿದ್ದು. ಹೊಲಿಯುವ ದಬ್ಬಣಗಳು ಐದು, ಒಂದೊಂದೂ ಗೇಣುದ್ದ. ಹೊಲಿಗೆ ಮುಗಿದ ಕೂಡಲೇ, ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು, ಐದನ್ನೂ ಎಣಿಸಿ ಗೋಡೆಗೆ ಹೊಡೆದ ದಪ್ಪ ಬಟ್ಟೆಗೆ ಚುಚ್ಚಬೇಕು. ಹತ್ತಿಯೊಳಗೆ ಜಾರಿದ ದಬ್ಬಣ ಸದ್ದು ಮಾಡುವುದಿಲ್ಲ.

ಕೊನೆಯ ದಿನ ಬೆಳಿಗ್ಗೆ, ಕೊನೆಯ ಸಾಲು ಹೊಲಿಯುತ್ತಿದ್ದಾಗ, ಕ್ಷೌರಿಕ ಗಿರಾಕಿಯಿಲ್ಲದೆ ಬಂದು ಜಗಲಿಯಲ್ಲಿ ಕೂತ. ಮೆತ್ತಣ್ಣ ಒಂದು ಕೈಯಲ್ಲಿ ಹೊಲಿಯುತ್ತ, ಇನ್ನೊಂದು ಕೈಯನ್ನು ಅವನ ಮೂಗಿನ ಮುಂದೆ ತಿರುಗಿಸುತ್ತ, ಅಂಗೈಯ ಮಹಿಮೆಯನ್ನು ಮೊದಲಿನಿಂದ ಹೇಳಿದ. ನಡುವೆ ಎಲ್ಲೋ ದಾರ ಪಟ್ಟೆಂದು ಕಡಿಯಿತು. ಮಾತು ಕಡಿಯಲಿಲ್ಲ. ಇನ್ನೊಂದು ದಬ್ಬಣ ತೆಗೆದುಕೊಂಡು ಸಾಲು ಮುಗಿಸಿ, ಅದನ್ನು ಗೋಡೆಗೆ ಚುಚ್ಚಿದ. ಎಣಿಸಲಿಲ್ಲ.

ಹೆಂಡತಿ ದುಪ್ಪಟಿ ಹಾಸಿದಳು. ಇನ್ಸ್‌ಪೆಕ್ಟರ್ ಏರಿದಳು. ತಲೆಯ ಕಡೆ ಸರಿ, ಬೆನ್ನಿನ ಕಡೆ ಸರಿ. ಸೊಂಟದ ಕಡೆಗೆ ಬಂದವಳು ಗಕ್ಕನೆ ನಿಂತಳು. ಮೂಸಿದಳು. ಕೆರೆಯತೊಡಗಿದಳು. ಅದೇ ಹೊತ್ತಿಗೆ ಹೊರಗೆ ಗಾಡಿ ನಿಂತಿತು. ಮಧ್ಯಾಹ್ನ ಬರುತ್ತೇನೆಂದಿದ್ದ ಟೀಚರ್ ಮಗಳು ಒಂದು ಗಂಟೆ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅಯ್ಯೋ! ಏನ್ರೀ ಇದು? ಅಮ್ಮನ ಹಾಸಿಗೆ ಮೇಲೆ ನಾಯಿ! ಆಪರೇಷನ್ ಆದೋರು ಮಲಗೋದು ಕಣ್ರೀ ಅಲ್ಲಿ!"

ಆಗ ಮೆತ್ತಣ್ಣನ ಬಾಯಿಂದ ಬಂದ ಮಾತನ್ನು ಅವನು ಹಿಂದೆ ಯಾವತ್ತೂ ಯೋಚಿಸಿಯೂ ಇರಲಿಲ್ಲ. ಆದರೂ ಎಷ್ಟು ದಿನದಿಂದ ಸಿದ್ಧವಾಗಿತ್ತೋ ಎನ್ನುವ ಹಾಗೆ ಸಲೀಸಾಗಿ ಬಂತು.

"ನಮ್ದಲ್ಲ ಮೇಡಂ. ಯಾವುದೋ ಬೀದಿನಾಯಿ. ಈಗ ನುಗ್ತು ನೋಡಿ!"

ಮಾತಿಗೆ ಸಾಕ್ಷಿ ಬೇಡವೇ? ಹತ್ತಿ ಬಡಿಯುವ ಕೋಲು ತೆಗೆದು ಅವಳ ಬೆನ್ನಿಗೆ ಒಂದು ಬಾರಿಸಿದ. ಒಂಬತ್ತು ವರ್ಷದಲ್ಲಿ ಮೊದಲ ಏಟು. ಅವಳು ಕುಯ್ ಎಂದು ಹಾರಿದಳು, ಓಡಲಿಲ್ಲ. ಇವನಿಗೆ ಅರ್ಥವಾಗಲಿಲ್ಲವೇನೋ ಎನ್ನುವಂತೆ ಮುಖ ನೋಡಿ, ಮತ್ತೆ ಹಾಸಿಗೆಯೇರಿ ಅದೇ ಜಾಗವನ್ನು ಕೆರೆದಳು. ಎರಡನೇ ಏಟು ಬಿತ್ತು. ಆಮೇಲೆ ಕತ್ತಿನ ಚರ್ಮ ಹಿಡಿದು ದರದರ ಎಳೆದು ಹೊರಗೆ ಬಿಟ್ಟು ಬಾಗಿಲು ಹಾಕಿದ.

ಒಳಬಾಗಿಲಲ್ಲಿ ಹೆಂಡತಿ ಚಹಾದ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ವಾಪಸು ಒಳಗೆ ತೆಗೆದುಕೊಂಡು ಹೋದಳು.

ಮೆತ್ತಣ್ಣ ದುಪ್ಪಟಿ ಎಳೆದು ಬಿಸಾಡಿ, ಮೇಡಂ ಕಣ್ಣೆದುರೇ ಅಂಗೈಯ ದಿಗ್ವಿಜಯ ನಡೆಸಿದ. ತಲೆ, ಬೆನ್ನು, ಸೊಂಟ, ಕಾಲು. ಸೊಂಟದ ಹತ್ತಿರ ಬೇಕೆಂದೇ ಎರಡು ಸಲ ಸವರಿದ. ಅಂಗೈಗೆ ಏನೂ ಸಿಗಲಿಲ್ಲ. ಯಾವತ್ತು ಸಿಕ್ಕಿತ್ತು? "ನೀರಿನ ಹಾಗಿದೆ ಮೇಡಂ, ಮಟ್ಟ!" ಎಂದ. ಹಾಸಿಗೆ ಗಾಡಿಯೇರಿ ಹೋಯಿತು.

ಊಟಕ್ಕೆ ಕೂತಾಗ ಹೆಂಡತಿ ಬಡಿಸಿ, ಬೆನ್ನು ತಿರುಗಿಸಿ ಪಾತ್ರೆ ಜೋಡಿಸತೊಡಗಿದಳು. ಕೊನೆಗೆ ಅವನೇ ಕೆದಕಿದ: "ಏನು ಮಾಡ್ಬೇಕಿತ್ತು ಹೇಳು? ದೊಡ್ಡ ಟೀಚರ್ ಮನೆ ಕೆಲಸ."

"ನಾನೇನಂದೆ?"

"ಸುಮ್ನೆ ಕೆರೀತಿದ್ಲು. ಗಂಟಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

ಹೆಂಡತಿ ಅವನ ಅಂಗೈಯನ್ನು ಒಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಹೋದಳು.

ಮೂರು ಗಂಟೆಗೆ ಒಂದು ದಿಂಬು ಹೊಲಿಯೋಣವೆಂದು ಗೋಡೆಯ ಬಟ್ಟೆಗೆ ಕೈ ಹಾಕಿದ. ಒಂದು, ಎರಡು, ಮೂರು, ನಾಲ್ಕು. ಇನ್ನೊಮ್ಮೆ ಎಣಿಸಿದ; ದಬ್ಬಣ ಮರಿ ಹಾಕುವುದಿಲ್ಲವಲ್ಲ, ನಾಲ್ಕೇ. ಚಾಪೆ ಕೊಡವಿದ, ಹತ್ತಿ ಕೆದರಿದ, ತನ್ನ ಅಂಗಿಯನ್ನೇ ಬಿಚ್ಚಿ ಜಾಡಿಸಿದ. ಆಮೇಲೆ ಪಟ್ಟೆಂದು ಕಡಿದ ದಾರ ನೆನಪಾಯಿತು. ಕಡಿದದ್ದು ಯಾವ ಜಾಗದಲ್ಲಿ ಎಂಬುದು ನೆನಪಿರಲಿಲ್ಲ. ಆದರೆ ಅದು ಯಾರಿಗೆ ಗೊತ್ತಿತ್ತು ಎಂಬುದು ಗೊತ್ತಾಯಿತು. ಕೋಲಿನ ಏಟು ತಿಂದು, ಮತ್ತೆ ಬಂದು, ಅದೇ ಜಾಗ ತೋರಿಸಿದ್ದಳು.

ನಾಲ್ಕು ಗಂಟೆಗೆ ದೊಡ್ಡ ಟೀಚರ್ ಮನೆಗೆ ಬರುತ್ತಾರೆ. ಬಂದು ಆ ಹಾಸಿಗೆಯ ಮೇಲೆ ಮಲಗುತ್ತಾರೆ. ಮುರಿದ ಸೊಂಟದ ಕೆಳಗೆ ಗೇಣುದ್ದದ ದಬ್ಬಣ. ಚುಚ್ಚಿದರೆ ಪಕ್ಕಕ್ಕೆ ಹೊರಳಲೂ ಆಗದವರು.

"ಕೇಳಿದ್ಯೇನೇ," ಎಂದು ಅವನು ಕೂಗಿದ ಧ್ವನಿಗೆ ಹೆಂಡತಿ ಮುನಿಸು ಬಿಟ್ಟು ಓಡಿ ಬಂದಳು. ನಾಲ್ಕು ದಬ್ಬಣ ನೋಡಿದಳು. ಕೇಳುವುದೇನೂ ಉಳಿಯಲಿಲ್ಲ.

"ಓಡ್ರಿ ಮತ್ತೆ!"

"ಓಡಿ? ಇಡೀ ಹಾಸಿಗೆ ಬಿಚ್ಚಬೇಕು. ಮೂರು ಗಂಟೆ ಕೆಲಸ. ಟೀಚರಮ್ಮನ್ನ ಅಲ್ಲಿವರೆಗೆ ಎಲ್ಲಿ ಕೂರಿಸ್ತಾರೆ?"

"ಜಾಗ ಗೊತ್ತಿರೋರನ್ನ ಕರ್ಕೊಂಡು ಹೋಗಿ," ಎಂದಳು ಹೆಂಡತಿ. "ಬಂದ್ರೆ."

ಇನ್ಸ್‌ಪೆಕ್ಟರ್ ಮರದ ಬುಡದಲ್ಲಿ, ಅಂಗಡಿಗೆ ಬೆನ್ನು ಹಾಕಿ ಮಲಗಿದ್ದಳು. ಮೆತ್ತಣ್ಣ ಹತ್ತಿರ ಹೋಗಿ ನಿಂತ. ಹೇಗೆ ಕರೆಯುವುದೋ ತಿಳಿಯದೆ, ಸುಮ್ಮನೆ ತಲೆ ಕೆರೆದುಕೊಳ್ಳಲು ಕೈಯೆತ್ತಿದ. ಅಷ್ಟಕ್ಕೇ ಅವಳು ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿಕೊಂಡಳು. ಓಡಲಿಲ್ಲ, ಗುರ್ರೆನ್ನಲಿಲ್ಲ. ಬೀಳುವ ಏಟನ್ನು ತಿನ್ನಲು ಸಿದ್ಧವಾದಳು, ಅಷ್ಟೆ. ಏಟು ಬೀಳದೆ ಹೋದಾಗ ಒಂದು ಕಣ್ಣು ಬಿಟ್ಟಳು, ಆಮೇಲೆ ಇನ್ನೊಂದು. ಇವನ ಮುಖ ನೋಡಿ ಬಾಲವನ್ನು ನೆಲಕ್ಕೆ ಎರಡು ಸಲ ಬಡಿದಳು.

ಅವಳು ಕಚ್ಚಿದ್ದರೂ ಮೆತ್ತಣ್ಣ ಸುಧಾರಿಸಿಕೊಳ್ಳುತ್ತಿದ್ದ. ಬಾಲದ ಆ ಎರಡು ಬಡಿತಕ್ಕೆ ಬೀದಿಯ ದೂಳಿನಲ್ಲೇ ಕೂತುಬಿಟ್ಟ.

"ಆಮೇಲೆ ಅಳೋರಂತೆ, ಏಳ್ರಿ!" ಎಂದು ಹೆಂಡತಿ ಜಗಲಿಯಿಂದ ಕೂಗಿದಳು. "ಗಂಟೆ ಮೂರೂವರೆ!"

ಹೊರಟರು. ಮುಂದೆ ಇನ್ಸ್‌ಪೆಕ್ಟರ್, ಹಿಂದೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಮೆತ್ತಣ್ಣ, ಕೈಯಲ್ಲಿ ಕತ್ತರಿ, ಜೇಬಿನಲ್ಲಿ ದಾರದುಂಡೆ. ನೋಡಿದವರಿಗೆ ಪೊಲೀಸರೇ ಕಳ್ಳನನ್ನು ಹಿಡಿದುಕೊಂಡು ಹೋಗುವಂತೆ ಕಂಡಿರಬೇಕು.

ಟೀಚರ್ ಮನೆ ಸೇರಿದಾಗ ದೊಡ್ಡ ಟೀಚರ್ ಆಗಲೇ ಬಂದಾಗಿತ್ತು. ನಡುಮನೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದರು, ಮೊದಲಿನ ಅರ್ಧದಷ್ಟು ಆಗಿಹೋಗಿದ್ದರು. ಒಳಗಿನ ಮಂಚದ ಮೇಲೆ ಮಗಳು ಬಿಳಿ ಹೊದಿಕೆ ಹಾಸುತ್ತಿದ್ದಳು.

ಬರುವಾಗ ದಾರಿಯುದ್ದಕ್ಕೂ ಮೆತ್ತಣ್ಣ ಒಂದು ಸುಳ್ಳನ್ನು ಚೆನ್ನಾಗಿ ಹಿಂಜಿಟ್ಟುಕೊಂಡಿದ್ದ. "ಮೇಡಂ, ಒಂದು ಹೊಲಿಗೆ ಬಾಕಿ ಉಳಿದಿದೆ. ಹೀಗೆ ಬಂದು ಹಾಗೆ ಹಾಕ್ಬಿಡ್ತೀನಿ."

ಮಗಳು ಅವನ ಕಾಲಿನ ಪಕ್ಕ ನೋಡಿದಳು. "ಹೊಲಿಗೆಗೆ ನಾಯಿ ಯಾಕೆ? ಅದೂ ಬೆಳಿಗ್ಗೆ ನುಗ್ಗಿದ ಬೀದಿನಾಯಿ?"

ಸುಳ್ಳು ಅಲ್ಲಿಗೆ ಮುಗಿಯಿತು. ಹೊಸದು ಹುಡುಕುವ ಹೊತ್ತಿಗೆ ಗಾಲಿಕುರ್ಚಿಯಿಂದ ಹಳೆಯ ಧ್ವನಿ ಬಂತು. "ಸೀಮೆಸುಣ್ಣ ಎತ್ತೋಕೆ ಹೋಗಿ ಚಡ್ಡಿ ಹರ್ಕೊಂಡೋನು ತಾನೆ ನೀನು? ಮುಂದೆ ಬಾ. ಏನಾಗಿದೆ, ಸರಿಯಾಗಿ ಹೇಳು."

ಮೆತ್ತಣ್ಣ ಮುಂದೆ ಬಂದು ಕೈಕಟ್ಟಿ ನಿಂತ. ಹೇಳಿದ.

"ಈ ನಾಯಿ ನಂದೇ, ಟೀಚರ್. ಒಂಬತ್ತು ವರ್ಷದಿಂದ. ಗಂಟು ಹುಡುಕೋದು ಇವಳೇ, ನನ್ನ ಕೈಯಲ್ಲ. ನನ್ನ ಕೈಗೆ ಏನೂ ಗೊತ್ತಾಗಲ್ಲ. ಹಾಸಿಗೆ ಒಳಗೆ ದಬ್ಬಣ ಉಳಿದಿದೆ. ಇವಳು ಬೆಳಿಗ್ಗೆನೇ ತೋರಿಸಿದ್ಲು."

ಮಗಳು ಹೊದಿಕೆಯನ್ನು ಹಾಗೇ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ತೋರಿಸಿದ್ದಕ್ಕೆ ನೀನೇನು ಮಾಡಿದೆ?" ಎಂದರು ಟೀಚರ್.

"ಹೊಡೆದೆ."

"ಎಷ್ಟು?"

"ಎರಡು."

"ಒಂದಕ್ಕೆ ಓಡಲಿಲ್ವಾ?"

"ಓಡಲಿಲ್ಲ. ಮತ್ತೆ ಬಂದು ತೋರಿಸಿದ್ಲು. ಅದಕ್ಕೇ ಎರಡನೇದು."

ಟೀಚರ್ ಬೈಯುತ್ತಾರೆ ಎಂದು ಕಾದ. ಕಿವಿ ಕೂಡ ತಾನಾಗಿ ಬಿಸಿಯಾಗಿತ್ತು. ಅವರು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡು, "ಮೊದಲು ಕೆಲಸ ಮುಗಿಸು," ಎಂದರು. ಕಿವಿ ಹಿಂಡಿಸಿಕೊಂಡಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ಮೆತ್ತಣ್ಣನಿಗೆ ಆ ದಿನ ತಿಳಿಯಿತು.

ಅವನು ತನ್ನ ಅಂಗಿಯಿಂದಲೇ ಇನ್ಸ್‌ಪೆಕ್ಟರಿನ ಪಾದ ಒರೆಸಿದ. ಯಾವಾಗಲೂ ಹೆಂಡತಿ ಒರೆಸುತ್ತಿದ್ದುದರಿಂದ, ಆ ಪಾದಗಳ ಅಡಿ ಇಷ್ಟು ಒರಟಾಗಿ ಸೀಳುಬಿಟ್ಟಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಮಂಚ ಹತ್ತಲು ಅನುಮಾನಿಸಿದಳು. ಹಾಸಿಗೆಯ ಕಡೆ ನೋಡಿ, ಇವನ ಕೈಯ ಕಡೆ ನೋಡಿದಳು. ಮೆತ್ತಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತ. ಆಮೇಲೆ ಅವಳು ಹತ್ತಿದಳು. ಸೊಂಟದ ಕಡೆಗೆ ನೇರ ನಡೆದು, ಒಂದೇ ಸಲ ಕೆರೆದು, ಕೂಡಲೇ ಪಕ್ಕಕ್ಕೆ ಸರಿದು ನಿಂತಳು.

ಹೊಲಿಗೆ ಬಿಚ್ಚಿ ನಾಲ್ಕು ಬೆರಳು ಹತ್ತಿ ಸರಿಸಿದರೆ ದಬ್ಬಣ ಇತ್ತು. ಅಡ್ಡ ಮಲಗಿರಲಿಲ್ಲ, ಓರೆಯಾಗಿ, ಮೊನೆ ಮೇಲೆ ಮಾಡಿಕೊಂಡು ಕಾದಿತ್ತು.

ಅದನ್ನು ನೋಡಿದ ಮಗಳು ಬಿಳಿ ಹೊದಿಕೆಯನ್ನು ಮಂಚದಿಂದ ಎಳೆದುಕೊಂಡಳು. "ಹಾಸಿಗೆ ವಾಪಸ್ ತಗೊಂಡ್ಹೋಗಿ," ಎಂದಳು.

"ಯಾಕೆ?" ಎಂದರು ಟೀಚರ್. "ಹತ್ತಿ ಏನು ತಪ್ಪು ಮಾಡಿದೆ? ಹೊಲಿ. ಹೊಲಿದ ಮೇಲೆ ಅವಳು ಇನ್ನೊಂದು ಸಲ ನೋಡಲಿ. ಅವಳು ಒಪ್ಪಿದ್ರೆ ನಾನು ಮಲಗ್ತೀನಿ."

ಹೊಲಿದ. ಅವಳು ಏರಿದಳು, ಸುತ್ತಿದಳು, ಸರಿಯಾಗಿ ನಡುವೆ ಮುದುಡಿದಳು. ಬೆಳಿಗ್ಗೆ ಏಟು ತಿಂದು, ಬಿಸಿಲಲ್ಲಿ ನಡೆದು ದಣಿದಿದ್ದವಳು ಅಲ್ಲೇ ಗೊರಕೆ ಹೊಡೆದಳು. ಟೀಚರ್ ಯಾರಿಗೂ ಎಬ್ಬಿಸಲು ಬಿಡಲಿಲ್ಲ. ಮುರಿದ ಸೊಂಟದ ಹೆಡ್‌ಮಿಸ್ಟ್ರೆಸ್ಸು ಗಾಲಿಕುರ್ಚಿಯಲ್ಲಿ ನೋವು ನುಂಗಿಕೊಂಡು ಕಾಲು ಗಂಟೆ ಕಾದರು. ಆಮೇಲೆ ಅವಳೇ ಎದ್ದು ಇಳಿದು ಬಂದಾಗ, ಕೈ ಚಾಚಿ ಅವಳ ಅರ್ಧ ಕಿವಿಯನ್ನು ಸವರಿ, "ಥ್ಯಾಂಕ್ಸ್ ಕಣೇ," ಎಂದರು.

ಮೆತ್ತಣ್ಣ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ದೊಡ್ಡ ಉಪಕಾರ ಎಂದುಕೊಂಡ.

ವಾಪಸು ಬರುವಾಗ ಕ್ಷೌರಿಕ ಬಾಗಿಲಲ್ಲೇ ಕಾದಿದ್ದ. "ಏನಣ್ಣ, ಕತ್ತರಿ ಹಿಡ್ಕೊಂಡು ಓಡಿದ್ಯಂತೆ? ನೀನು ನನ್ನ ಕಸುಬಿಗೇ ಕೈ ಹಾಕ್ದೆ ಅಂದ್ಕೊಂಡೆ. ಏನ್ ಸಮಾಚಾರ?"

ಈ ಕ್ಷೌರಿಕನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಾಲ್ಕು ಬೀದಿಗೆ ಮುಟ್ಟುತ್ತದೆ. ಏನೂ ಇಲ್ಲ ಎಂದು ದಾಟಿಬಿಡಬಹುದಿತ್ತು. ಮೆತ್ತಣ್ಣ ನಿಂತ. ಬಲಗೈ ಚಾಚಿದ, ಅಭ್ಯಾಸ ನೋಡಿ. ಅಂಗೈ ತಿರುಗಿಸಿದವನು ಅದನ್ನು ನೋಡಿ, ಮಡಚಿ, ಕೆಳಗಿಳಿಸಿದ.

"ಇದು ಸುಳ್ಳು ಕಣಯ್ಯ," ಎಂದ. "ಇಷ್ಟು ವರ್ಷ ನಿನಗೆ ಹೇಳಿದ್ದೆಲ್ಲ ಸುಳ್ಳು. ಹಾಸಿಗೆ ನೋಡ್ತಿದ್ದೋಳು ಇವಳು. ಇವತ್ತು ಇವಳಿಗೆ ಹೊಡೆದೆ. ಹೋಗಿ ಯಾರಿಗೆ ಬೇಕೋ ಹೇಳು."

"ಹೂಂ," ಎಂದು ಕ್ಷೌರಿಕ ಒಳಗೆ ಹೋಗಿ ಬಾಚಣಿಗೆ ತೊಳೆಯತೊಡಗಿದ. ಅವನು ಅದನ್ನು ಯಾರಿಗೂ ಹೇಳಲಿಲ್ಲ ಎಂದು ಆಮೇಲೆ ತಿಳಿಯಿತು, ಹೇಳಿದವನು ಮೆತ್ತಣ್ಣನೇ. ಹಾಸಿಗೆ ಕೇಳಿಕೊಂಡು ಬಂದ ಪ್ರತಿ ಗಿರಾಕಿಗೂ ಮೊದಲೇ ಹೇಳಿದ. ಇಬ್ಬರು ಮುಖ ಕಿವುಚಿ ಹೊರಟು ಹೋದರು. ಮೂರನೆಯವರು ಯೋಚಿಸಿ, "ನಾಯೀನ ಒಂದ್ಸಲ ನೋಡಬಹುದಾ?" ಎಂದರು.

ಆದರೆ ಅದೆಲ್ಲ ಆಮೇಲಿನ ಮಾತು. ಮಾರನೆಯ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಎಂದಿನಂತೆ ಬಂದು ಅಂಗಡಿಯ ಮೂಲೆಯಲ್ಲಿ ಮಲಗಿದಳು. ಎಲ್ಲ ಸರಿಹೋಯಿತು ಎಂದುಕೊಂಡ ಮೆತ್ತಣ್ಣ ಹತ್ತು ಗಂಟೆ ದಾಟಿದ ಮೇಲೆ ಹತ್ತಿ ಹರಡಿ ಕೋಲು ಎತ್ತಿದ. ಇಷ್ಟು ವರ್ಷ ಆ ಕೋಲಿನ ಸದ್ದಿನಲ್ಲೇ ಅವಳು ನಿದ್ದೆ ಮಾಡಿದವಳು. ಮೊದಲ ಏಟು ಹತ್ತಿಗೆ ಬಿತ್ತು. ಅವಳು ಎದ್ದಳು. ಗೋಡೆಯ ಅಂಚಿಗೇ ಸವರಿಕೊಂಡು, ಸದ್ದಿಲ್ಲದೆ, ಹೊರಗೆ ಹೋದಳು.

ಮೆತ್ತಣ್ಣ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಹತ್ತಿಯನ್ನೆಲ್ಲ ಬಾಚಿ ತಬ್ಬಿಕೊಂಡು, ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಿಲಿಗೆ ಒಯ್ದ. ಸದ್ದು ಬೀದಿಗೆ ಕೇಳಿಸದಂತೆ ಎರಡು ಬಾಗಿಲನ್ನೂ ಹಿಂದೆ ಎಳೆದುಕೊಂಡು, ನೆತ್ತಿ ಸುಡುವ ಬಿಸಿಲಲ್ಲಿ ಕೂತು ಬಡಿಯತೊಡಗಿದ. ಹತ್ತಿಯ ಎಳೆಗಳು ಹಿತ್ತಿಲ ತುಂಬ ಹಾರಿ, ಹಗ್ಗದ ಮೇಲಿನ ಒದ್ದೆ ಬಟ್ಟೆಗೆಲ್ಲ ಅಂಟಿದವು. ಸದ್ದು ಕೇಳಿ ಹೊರಗೆ ಬಂದ ಹೆಂಡತಿ, ಬೆಳಿಗ್ಗೆಯಿಂದ ಸೊಂಟ ಬಗ್ಗಿಸಿ ಒಗೆದ ಸೀರೆ, ಅಂಗಿಗಳ ಗತಿ ನೋಡಿ, ಬೈಯಲು ಬಾಯಿ ತೆರೆದಳು.

"ಏನ್ರೀ..." ಎಂದವಳು ಗಂಡನ ಮುಖ ನೋಡಿ, ಮುಚ್ಚಿದ ಬಾಗಿಲು ನೋಡಿದಳು.

ಬಟ್ಟೆಗಳನ್ನು ಒಂದೊಂದಾಗಿ ಹಗ್ಗದಿಂದ ಎಳೆದು ಹೆಗಲಿಗೆ ಹಾಕಿಕೊಂಡಳು.